ಎಕ್ಕಕ್ಕೆ ಮೋರೆ ಇಲ್ಲೆ

ಸರ್ವಿಸು ಮುಗಿಯುವವರೆಗೆ ನಾನು ಇಸ್ಪೀಟು ಎಲೆಯನ್ನು ಕೈಯಲ್ಲಿ ಮುಟ್ಟಿದವಳಲ್ಲ. ಆದರೆ ಬಾರ್ಕೂರು ಆಸುಪಾಸಿನ ಎಷ್ಟೋ ಮಕ್ಕಳಿಗೆ ಇಸ್ಪೀಟಿನ ಲೆಕ್ಕ ಕಲಿಸಿದವಳು ನಾನೇ. ಹತ್ತನೇ ಕ್ಲಾಸಿನ ಗಣಿತದಲ್ಲಿ ಸಂಭವನೀಯತೆ ಅಂತ ಒಂದು ಪಾಠ ಉಂಟು. ಅದನ್ನು ಬರೆದ ಮಹನೀಯರಿಗೆ ನಾಣ್ಯ, ದಾಳ, ಇಸ್ಪೀಟು ಬಿಟ್ಟರೆ ಪ್ರಪಂಚದಲ್ಲಿ ನಂಬಲಾಗದ ವಸ್ತು ಬೇರೆ ಕಂಡಿರಲಿಲ್ಲ. ಅವರು ನಮ್ಮ ಕಡೆ ಬಸ್ಸಿಗೆ ಕಾದವರಲ್ಲ ಅಂತ ಕಾಣುತ್ತದೆ. 52 ಎಲೆಯ ಕಟ್ಟಿನಿಂದ ಒಂದನ್ನು ತೆಗೆದರೆ ಅದು ಮುಖಚಿತ್ರದ ಎಲೆಯಾಗುವ ಸಂಭವನೀಯತೆ ಎಷ್ಟು? ನನ್ನ ತವರಿನಲ್ಲಿ ಇಸ್ಪೀಟು ಅಂದರೆ ಮನೆ ಮಾರಿಸುವ ವಸ್ತು, ಅದರ ಮುಖ ಯಾವುದು ಬೆನ್ನು ಯಾವುದು ಯಾರಿಗೆ ಗೊತ್ತು? ಎಕ್ಕವನ್ನು ಸೇರಿಸುವುದೋ ಬಿಡುವುದೋ ಅಂತ ಚಾಕ್‌ಪೀಸ್ ಹಿಡಿದು ನಿಂತಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಎಕ್ಕಕ್ಕೆ ಮೋರೆ ಇಲ್ಲೆ ಟೀಚರ್ರೆ. ರಾಜ, ರಾಣಿ, ಗುಲಾಮ, ಮೂರಕ್ಕೇ ಇಪ್ಪುದ್’ ಅಂದ. 12ರ ಕೆಳಗೆ 52 ಬರೆದೆ. ‘ಕಟ್ಟ್ ಬೇಕಾರೆ ನಾಳೆ ತಕಂಡ್ ಬತ್ತೆ’ ಅಂತಲೂ ಹೇಳಿದ. ಕೂತುಕೊಳ್ಳಲು ಹೇಳಿದೆ.

ವಿಜ್ಞಾನದ ಟೀಚರಿಗೆ ಪ್ರಯೋಗಾಲಯ ಇರುತ್ತದೆ. ಪಿ.ಟಿ. ಮಾಸ್ಟ್ರಿಗೆ ಮೈದಾನ ಇರುತ್ತದೆ. ಗಣಿತದವಳಿಗೆ ಏನಿದೆ? ಆದ್ದರಿಂದ ಮಗಳು ಅಳಿಯ ಸೇರಿ ನಮ್ಮಿಬ್ಬರನ್ನು ಗೋವಾಕ್ಕೆ ಕರೆದಾಗ ಕ್ಯಾಸಿನೋ ನೋಡಬೇಕು ಅಂದವಳು ನಾನೇ. ಇವರು ನನ್ನ ಹಣೆ ಮುಟ್ಟಿ ನೋಡಿದರು.

ಅಳಿಯ ಇದನ್ನು ‘ಐಲ್ಯಾಂಡ್ ಹಾಲಿಡೇ’ ಅಂತಿದ್ದ. ಗೋವಾ ದ್ವೀಪ ಹೇಗಾಯಿತು ಮಾರಾಯ ಅಂತ ಇವರು ತಗಾದೆ ತೆಗೆದದ್ದಕ್ಕೆ ಅವನು ಫೋನಿನಲ್ಲಿ ನಕ್ಷೆ ತೋರಿಸಿದ. ಪಣಜಿ ಇರುವ ತಿಸ್ವಾಡಿ ತಾಲ್ಲೂಕು ನಿಜಕ್ಕೂ ದ್ವೀಪವೇ: ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ಜುವಾರಿ, ಹಿಂದೆ ಎರಡನ್ನೂ ಸೇರಿಸುವ ಕುಂಭಾರ್ಜುವಾ ಕಾಲುವೆ, ಮುಂದೆ ಕಡಲು. ಬಾರ್ಕೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದೆವು. ಇಗರ್ಜಿ ನೋಡಿದೆವು. ಬೀಚು ನೋಡಿದೆವು, ನಮ್ಮ ಕೋಡಿ ಬೆಂಗ್ರೆಯ ಕಡಲೇ, ಪಾರ್ಕಿಂಗ್ ಶುಲ್ಕ ಮಾತ್ರ ಬೇರೆ.

ಹೊರಡುವ ಮುಂಚೆ ಇವರನ್ನು ಒಪ್ಪಿಸಲು ನಾನು ಸಣ್ಣ ಪಾಠ ಮಾಡಬೇಕಾಯಿತು. 1654ರಲ್ಲಿ ಜೂಜುಕೋರನೊಬ್ಬನ ಸಂಶಯ ಬಿಡಿಸಲಿಕ್ಕೆ ಪ್ಯಾಸ್ಕಲ್ ಮತ್ತು ಫರ್ಮಾ ಬರೆದುಕೊಂಡ ಪತ್ರಗಳಿಂದಲೇ ಈ ಶಾಸ್ತ್ರ ಬೆಳೆದದ್ದು, ಹಾಗಾಗಿ ಇದು ಒಂದು ಥರದ ಕ್ಷೇತ್ರದರ್ಶನ ಅಂದೆ. ‘ನಳ ಚಕ್ರವರ್ತಿಯೂ ಹೀಗೇ ಹೇಳಿ ಕಾಡಿಗೆ ಹೋದ’ ಅಂದರು ಇವರು. ಮಂದಾರ್ತಿ ಮೇಳದ ಆಟಗಳನ್ನು ನೋಡಿ ಬೆಳೆದವರು, ಗಾದೆ ಬೇಕಾದಲ್ಲಿ ಪ್ರಸಂಗ ಬಳಸುತ್ತಾರೆ. ನಾನು ಬಿಡುತ್ತೇನೆಯೇ? ನಳ ಸೋತದ್ದು ಶಾಸ್ತ್ರ ಗೊತ್ತಿಲ್ಲದಾಗ. ಆಮೇಲೆ ಋತುಪರ್ಣ ರಥದಲ್ಲಿ ಕೂತೇ ತಾರೆಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2095 ಕಾಯಿ ಇವೆ ಅನ್ನುತ್ತಾನೆ. ನಳ ಎಣಿಸಿ ನೋಡಿದರೆ ಲೆಕ್ಕ ಸರಿ. ಆ ವಿದ್ಯೆ ಕಲಿತ ಮೇಲೆ ಪುಷ್ಕರನಿಂದ ರಾಜ್ಯ ವಾಪಸು. ‘ನಿನಗೆ ಎಣಿಸಲಿಕ್ಕೆ ಬರುತ್ತದಾ?’ ಅಂದರು. ಅಂಗಳದ ತೆಂಗಿನಕಾಯಿಯ ಲೆಕ್ಕ ಇವತ್ತಿಗೂ ನಾನೇ ಇಡುವುದು. ಅದನ್ನು ನೆನಪಿಸಿದೆ.

ಕ್ಯಾಸಿನೋ ಇರುವುದು ಮಾಂಡವಿ ನದಿಯ ನಡುವೆ ಲಂಗರು ಹಾಕಿದ ಹಡಗಿನಲ್ಲಿ. ದಡದಿಂದ ಸಣ್ಣ ದೋಣಿ ನಮ್ಮನ್ನು ಅಲ್ಲಿಗೆ ಮುಟ್ಟಿಸುತ್ತದೆ. ಗೋವಾದ ಜೂಜು ಕಾಯ್ದೆ 1976ರದ್ದು, ಜೂಜು ಬೇಡ ಎಂದು ಮಾಡಿದ್ದು. 1992ರಲ್ಲಿ ಅದಕ್ಕೊಂದು ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರ ಇಡಬಹುದು ಅಂದರು. ಇಸ್ಪೀಟಿನ ಮೇಜಿಗೆ ಮಾತ್ರ ನೀರಿನ ಮೇಲಿರುವ ಹಡಗೇ ಆಗಬೇಕು. ದಡದಲ್ಲಿ ಪಾಪವಾದದ್ದು ಕಲ್ಲೆಸೆತದಷ್ಟು ನೀರು ದಾಟಿದ ಕೂಡಲೇ ಪ್ರವಾಸೋದ್ಯಮ. ಊರಿನವರಿಗಂತೂ 2020ರಿಂದ ಒಳಗೆ ಬಿಡುವುದೇ ಇಲ್ಲ, ಹೊರಗಿನವರು ಮಾತ್ರ ಹಾಳಾಗಬಹುದು. ಮಾಂಡವಿ ಅಂದರೆ ನಮ್ಮ ಮಹದಾಯಿಯೇ, ಖಾನಾಪುರದ ಕಾಡಿನಲ್ಲಿ ಹುಟ್ಟುವುದು. ನ್ಯಾಯಮಂಡಳಿ 2018ರಲ್ಲಿ ನಮಗೆ 13.42 ಟಿಎಂಸಿ ನೀರು ಹಂಚಿತು. ಕರ್ನಾಟಕದಿಂದ ಅದೇ ನದಿಗೆ ಹರಿಯುವ ಹಣವನ್ನು ಯಾವ ಮಂಡಳಿಯೂ ಅಳೆದದ್ದು ಕಾಣೆ.

ದೋಣಿಯಲ್ಲಿ ಕೂತಾಗ ನನಗೆ ನಮ್ಮೂರಿನ ಮೇಲೆ ಅಭಿಮಾನ ಉಕ್ಕಿತು. 1342ರ ಸುಮಾರಿಗೆ ಈ ಕರಾವಳಿಯಲ್ಲಿ ಹಾದುಹೋದ ಇಬ್ನ್ ಬತೂತ ‘ಫಾಕನೂರ್’ ಅಂತ ಬರೆದ ಊರು ನಮ್ಮ ಬಾರ್ಕೂರು. ಆ ದಾರಿಯಾಗಿ ಹೋಗುವ ಪ್ರತಿ ಹಡಗೂ ಇಲ್ಲಿ ನಿಂತು ‘ಬಂದರಿನ ಹಕ್ಕು’ ಅಂತ ರಾಜನಿಗೆ ಕಾಣಿಕೆ ಒಪ್ಪಿಸಬೇಕಿತ್ತು. ನಿಲ್ಲದೆ ಜಾರಿದರೆ ನಮ್ಮವರು ಅಟ್ಟಿಸಿಕೊಂಡು ಹೋಗಿ ಹಿಡಿದು ಎರಡು ಪಾಲು ವಸೂಲು ಮಾಡುತ್ತಿದ್ದರಂತೆ. ರಾಜನಿಗೆ ಸುಮಾರು 30 ಯುದ್ಧನೌಕೆ ಇದ್ದವಂತೆ. ಗೋವಾದವರು ಏನೂ ಹೊಸತು ಮಾಡಿಲ್ಲ. ನಾವು ಹಡಗಿನ ಬಳಿಗೆ ಹೋಗಿ ದುಡ್ಡು ಕೀಳುತ್ತಿದ್ದೆವು, ಇವರು ದುಡ್ಡಿದ್ದವರನ್ನೇ ಹಡಗಿಗೆ ಕರೆಸಿಕೊಳ್ಳುತ್ತಾರೆ. ಇಂಧನ ಉಳಿತಾಯ.

ಚಪ್ಪಲಿಗೆ ಪ್ರವೇಶವಿಲ್ಲ. ಇವರಿಗೆ ಅಳಿಯನ ಶೂ ತೊಡಿಸಿದ್ದೆವು. ಒಂದು ಸೈಜು ದೊಡ್ಡದು, ರಾತ್ರಿಯಿಡೀ ಟಪ್ ಟಪ್ ಅಂತ ನನ್ನ ಬೆನ್ನ ಹಿಂದೆ ಬರುತ್ತಿತ್ತು. ಒಳಗೆ ಗೋಡೆ ಗಡಿಯಾರವಿಲ್ಲ, ಕಿಟಕಿಯಿಲ್ಲ, ಎಲ್ಲಿ ನೋಡಿದರೂ ಪನೀರು. ಸಿನಿಮಾದಲ್ಲಿ ಕಂಡ ರೂಲೆಟ್ ಚಕ್ರದ ಸುತ್ತ ಬೆಂಗಳೂರಿನ ಹುಡುಗರ ದಂಡು ಕಿರುಚುತ್ತಿತ್ತು. ನನಗಿಂತ ಎರಡಡಿ ಎತ್ತರದವನೊಬ್ಬ ನನ್ನ ತಲೆಯ ಮೇಲೆ ಗ್ಲಾಸು ಹಿಡಿದು, ‘ಆಂಟಿ, ನೀವೂನಾ? ಸೂಪರ್!’ ಅಂದ. ಕ್ಲಾಸಿನಲ್ಲಾದರೆ ಹೊರಗೆ ನಿಲ್ಲಿಸುತ್ತಿದ್ದೆ. ಇಲ್ಲಿ ಹೊರಗೆ ಅಂದರೆ ನದಿ.

ಜನ ಕಡಿಮೆಯಿದ್ದ ಮೂಲೆಯೊಂದಕ್ಕೆ ಸರಿದೆ. ಹಸಿರು ಬಟ್ಟೆ ಹೊದಿಸಿದ ಮೇಜು, ಎರಡು ಚೌಕ, ಅದರ ಮೇಲೆ ಬರೆದದ್ದು ಓದಿ ನಗು ತಡೆಯಲಾಗಲಿಲ್ಲ. ಅಂದರ್, ಬಾಹರ್! ಇದನ್ನು ನೋಡಲು ನಾನು ಇಷ್ಟು ದೂರ ಬರಬೇಕಿತ್ತೇ? ನಮ್ಮಲ್ಲಿ ಮಳೆಗಾಲ ಮುಗಿದ ಮೇಲೆ ಹಾಡಿಯ ಗೇರುಮರದ ಬುಡದಲ್ಲಿ ನಡೆಯುವುದು ಇದೇ ಆಟ. ಪೇಪರಿನಲ್ಲಿ ಬರುತ್ತದಲ್ಲ: ‘ಜುಗಾರಿ ಅಡ್ಡೆಗೆ ದಾಳಿ’. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87. ವಶಪಡಿಸಿಕೊಂಡದ್ದು: ನಗದು ಇಷ್ಟು, ಇಸ್ಪೀಟು ಎಲೆ 52, ನೆಲಕ್ಕೆ ಹಾಸಿದ್ದ ಹಳೆಯ ದಿನಪತ್ರಿಕೆ. ಆ ಹಳೆಯ ದಿನಪತ್ರಿಕೆಯನ್ನು ಠಾಣೆಯಲ್ಲಿ ಏನು ಮಾಡುತ್ತಾರೋ. ಇಲ್ಲಿ ಅದೇ ಆಟಕ್ಕೆ ಏಸಿ, ಟೈ ಕಟ್ಟಿದ ಹುಡುಗಿ, ಕೇಳಿದರೆ ನಿಂಬೆ ಶರಬತ್ತು.

ಆಟ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ನಡುವೆ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಂದು ಅಂದರ್, ಒಂದು ಬಾಹರ್ ಅಂತ ಹಾಕುತ್ತಾ ಹೋಗುತ್ತಾರೆ. ನಡುವಿನದರ ಜೋಡಿ ಯಾವ ಕಡೆ ಬಿತ್ತೋ ಆ ಕಡೆ ಇಟ್ಟವರಿಗೆ ದುಡ್ಡು. ಈ ಮೇಜಿನಲ್ಲಿ ಮೊದಲ ಎಲೆ ಅಂದರ್‌ಗೆ. ಹಾಗಾಗಿ ಅಂದರ್ ಗೆಲ್ಲುವ ಸಂಭವ ನೂರಕ್ಕೆ 51.5. ಅದಕ್ಕೆಂದೇ ಅಂದರ್ ಗೆದ್ದರೆ ರೂಪಾಯಿಗೆ 90 ಪೈಸೆ ಮಾತ್ರ. ಕೂಡಿ ಕಳೆದರೆ ಇಟ್ಟ ಪ್ರತಿ 100 ರೂಪಾಯಿಗೆ ಹಡಗಿನವರಿಗೆ 2 ರೂಪಾಯಿ 15 ಪೈಸೆ. ಇದನ್ನೆಲ್ಲ ತೋರುಬೆರಳು ಎತ್ತಿ ಇವರಿಗೆ ವಿವರಿಸುತ್ತಿದ್ದೆ. ಪಕ್ಕದ ಕುರ್ಚಿಯಿಂದ ದನಿ ಬಂತು: ‘ಹ್ವಾಯ್, ನೀವ್ ಟೀಚರಾ? ಯಾವೂರ್?’

ಕೋಟ ಬದಿಯವನಂತೆ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕಣ್ಣು ಮಾತ್ರ ಕೆಂಪು. ಪರವೂರಿನಲ್ಲಿ ಹೋಟೆಲು. ಬಾರ್ಕೂರು ಅಂದ ಕೂಡಲೇ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ‘ಟೀಚರ್ರೆ, ಕಾಣಿ, ಆರ್ ಸಲ ಬಾಹರೇ ಬಂತ್. ಈಗ ಅಂದರ್ ಬರ್ಕೇ ಅಲ್ದಾ? ಲೆಕ್ಕ ಎಂತ ಹೇಳತ್ತ್?’

ಇಡೀ ಸರ್ವಿಸಿನಲ್ಲಿ ಒಬ್ಬ ವಿದ್ಯಾರ್ಥಿಯೂ ಸಂಭವನೀಯತೆಯಲ್ಲಿ ಇಷ್ಟು ಆಸಕ್ತಿ ತೋರಿಸಿರಲಿಲ್ಲ. ನಾನು ಅರಳಿಬಿಟ್ಟೆ. ಎಲೆಗೆ ಜ್ಞಾಪಕಶಕ್ತಿ ಇಲ್ಲ ಅಂದೆ. ಪ್ರತಿ ಆಟಕ್ಕೂ ಕಟ್ಟು ಹೊಸದಾಗಿ ಕಲೆಸುತ್ತಾರೆ, ಹಿಂದಿನ ಆರು ಆಟ ಅದಕ್ಕೆ ಗೊತ್ತೇ ಇಲ್ಲ. 1913ರಲ್ಲಿ ಮಾಂಟೆ ಕಾರ್ಲೊದಲ್ಲಿ ರೂಲೆಟ್ ಚೆಂಡು ಒಂದೇ ಸಮನೆ 26 ಸಲ ಕಪ್ಪಿಗೆ ಬಿತ್ತು, ಇನ್ನು ಕೆಂಪೇ ಬರಬೇಕು ಅಂತ ಇಟ್ಟವರೆಲ್ಲ ಬರಿಗೈಯಲ್ಲಿ ಎದ್ದರು. ಆಗಲೂ 51.5, ಈಗಲೂ 51.5. ಅವನು ಗಮನವಿಟ್ಟು ಕೇಳಿದ, ತಲೆಯಾಡಿಸಿದ, ‘ಸಮ, ಸಮ’ ಅಂದ. ಮತ್ತೆ ಕೈಯಲ್ಲಿದ್ದ ಬಿಲ್ಲೆಗಳಲ್ಲಿ ಅರ್ಧವನ್ನು ಅಂದರ್ ಮೇಲೆ ಇಟ್ಟ.

ನಾನೂ ನೂರರ ಒಂದು ಬಿಲ್ಲೆ ಅಂದರ್‌ಗೇ ಇಟ್ಟೆ. ಕಾರಣ 51.5. ಆರು ಸಲ ಬಾಹರ್ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವನದು ಮೂಢನಂಬಿಕೆ, ನನ್ನದು ಗಣಿತ; ಎರಡೂ ಒಂದೇ ಚೌಕದಲ್ಲಿ ಕೂತಿದ್ದವು, ಅಷ್ಟೆ.

ನಡುವೆ ತೆರೆದದ್ದು ಕಳಾವರ್ ಗುಲಾಮ. ಹುಡುಗಿ ಎಲೆ ಹಾಕತೊಡಗಿದಳು. ಉಳಿದ 51ರಲ್ಲಿ ಗುಲಾಮ ಮೂರೇ. ಅಂದರ್ ಏಳು, ಬಾಹರ್ ರಾಣಿ. ಅಂದರ್ ಎರಡು, ಬಾಹರ್ ಒಂಬತ್ತು. ಹತ್ತು ಎಲೆ ಬಿದ್ದವು. ನನಗೆ ನೀರಡಿಕೆಯಾಯಿತು, ಎದುರಿಗಿದ್ದ ಶರಬತ್ತಿಗೆ ಕೈ ಚಾಚಿದರೆ ಆ ಹೊತ್ತಿಗೆ ಗುಲಾಮ ಬಿದ್ದುಬಿಟ್ಟರೆ? ಚಾಚಲಿಲ್ಲ. ಹದಿನೈದು. ಬೆನ್ನ ಹಿಂದೆ ಟಪ್ ಟಪ್ ನಿಂತಿತು, ಇವರೂ ಬಗ್ಗಿ ನೋಡುತ್ತಿದ್ದರು. ಇಪ್ಪತ್ತು. ಎಕ್ಕಗಳೆಲ್ಲ ಬಂದುಹೋದವು, ಯಾವುದಕ್ಕೂ ಮೋರೆಯಿಲ್ಲ. ರಾಜರು ಬಂದರು, ರಾಣಿಯರು ಬಂದರು, ಅರಮನೆಯೆಲ್ಲ ಖಾಲಿಯಾಗಿ ಮೇಜಿಗೆ ಬಂತು, ಗುಲಾಮನೊಬ್ಬನಿಗೆ ಪುರುಸೊತ್ತಿಲ್ಲ. ಮೇಜಿನಲ್ಲಿ ಜಾಗ ಸಾಲದೆ ಹುಡುಗಿ ಎಲೆಯ ಮೇಲೆ ಎಲೆ ಒರಗಿಸತೊಡಗಿದಳು. ರೂಲೆಟ್ ಹುಡುಗರು ಅದನ್ನು ಬಿಟ್ಟು ನಮ್ಮ ಕಡೆ ಬಂದು ನಿಂತರು. ಮೂವತ್ತು. ಮುಂದಿನದು ಗುಲಾಮನಾಗುವ ಸಂಭವ 21ರಲ್ಲಿ 3 ಅಂತ ಬಾಯಿಬಿಟ್ಟೇ ಹೇಳಿದೆ. ಅಲ್ಲ. 20ರಲ್ಲಿ 3. ಅಲ್ಲ. 19ರಲ್ಲಿ 3. ಹುಡುಗರು ನನ್ನ ಜೊತೆ ಕೋರಸ್ಸಿನಲ್ಲಿ ಭಿನ್ನರಾಶಿ ಹೇಳತೊಡಗಿದರು, ‘ಆರರಲ್ಲಿ ಒಂದು!’ ಅಂತ ಆ ಎತ್ತರದವನು ಸಂಕ್ಷೇಪಿಸಿ ಕಿರುಚಿದ, ಅವನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. 36 ಎಲೆಯವರೆಗೆ ಜೋಡಿ ಸಿಗದೆ ಹೋಗುವುದು ನೂರು ಆಟದಲ್ಲಿ ಎರಡು ಸಲವಂತೆ, ಅದನ್ನು ಆಮೇಲೆ ರೂಮಿನಲ್ಲಿ ಲೆಕ್ಕ ಹಾಕಿದೆ; ಆಗ ನನಗೆ ಲೆಕ್ಕ ಯಾವುದೂ ನೆನಪಿರಲಿಲ್ಲ. ನಿವೃತ್ತ ಗಣಿತ ಶಿಕ್ಷಕಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಬಿಟ್ಟು ಎದ್ದು ನಿಂತು, ‘ಬಾ ಮಗಾ, ಬಾ’ ಅಂತ ಒಬ್ಬ ಗುಲಾಮನನ್ನು ಕರೆಯುತ್ತಿದ್ದಳು.

37ನೆಯದು ಆಟೀನ್ ಗುಲಾಮ. ಅಂದರ್.

ಹಡಗು ಅಲುಗಾಡುವಷ್ಟು ಗಲಾಟೆಯಾಯಿತು. ನನಗೆ ಬಂದದ್ದು 90 ರೂಪಾಯಿ. ಕೋಟದವನು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿದ್ದದ್ದು ಗೆದ್ದ ಖುಷಿಯಲ್ಲ, ನನ್ನ ಮೇಲಿನ ಕನಿಕರ. ‘ನಿಮ್ ಲೆಕ್ಕ ಬಿದ್ದ್ ಹೋಯ್ತಲೆ ಟೀಚರ್ರೆ’ ಅಂದ.

ಬಿದ್ದುಹೋದದ್ದು ಹೇಗೆ ಅಂತ ಕೇಳಿ ಜಗಳ ಮಾಡುವುದರಲ್ಲಿದ್ದೆ. ಅಷ್ಟರಲ್ಲಿ ಅವನು ಎಲ್ಲ ಬಿಲ್ಲೆಗಳನ್ನೂ ಮತ್ತೆ ಅಂದರ್‌ಗೆ ತಳ್ಳಿಯಾಗಿತ್ತು. ‘ಈಗ ಅಂದರ್ ಸುರು ಆಯ್ತ್. ಇನ್ನ್ ಬಿಡುದಿಲ್ಲೆ.’ ಬಾಹರ್ ಸಾಲಾಗಿ ಬಂದರೆ ಅಂದರ್ ಬರಲೇಬೇಕು, ಅಂದರ್ ಒಮ್ಮೆ ಬಂದರೆ ಮತ್ತೆ ಮತ್ತೆ ಬರುತ್ತದೆ. ‘ಇನ್ನೊಂದ್ ಆಟ ಕೂಕಣಿ, ನಿಮ್ ಕೈ ಒಳ್ಳೇದಿತ್ತ್.’ ಬೆಳಿಗ್ಗೆ ತಾನು ಆ ಹಗ್ಗ ಕಟ್ಟಿದ ದೊಡ್ಡ ಮೇಜಿನಲ್ಲಿದ್ದೆ ಅಂತ ಕೈ ತೋರಿಸಿದ. ಮಧ್ಯಾಹ್ನ ಅದರ ಈಚಿನದಕ್ಕೆ. ನಾನು ಕೂತದ್ದು ಹಡಗಿನಲ್ಲೇ ಕಡಿಮೆ ಪಣದ ಮೇಜು ಅನ್ನುವುದು ಆಗ ಗೊತ್ತಾಯಿತು.

ಕೂತೆ. ಕೈ ಒಳ್ಳೆಯದು ಅಂತ ಈವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಎರಡನೇ ಎಲೆಗೇ ಬಾಹರ್ ಬಂತು. ಅಷ್ಟೇ. ಎಣಿಸಲಿಕ್ಕೆ ಏನೂ ಇರಲಿಲ್ಲ. ಹುಡುಗಿ ಮರದ ಪಟ್ಟಿಯಿಂದ ಅವನ ಬಿಲ್ಲೆಗಳನ್ನು ತನ್ನ ಕಡೆ ಎಳೆದುಕೊಂಡಳು. ಅವನ ಫೋನು ನಡುಗುತ್ತಾ ಹಸಿರು ಬಟ್ಟೆಯ ಮೇಲೆ ಸರಿಯುತ್ತಿತ್ತು, ಪರದೆಯಲ್ಲಿ ‘ಮನೆ’ ಅಂತ. ಮೇಜಿನಲ್ಲಿ ಫೋನು ಬಳಸಬಾರದು ಸರ್ ಅಂತ ಹುಡುಗಿ ಮೆತ್ತಗೆ ಹೇಳಿದಳು. ಎದ್ದು ಎರಡು ಹೆಜ್ಜೆ ಹೋಗಿ, ಅಲ್ಲಿಯವರೆಗೆ ನಾನು ಕೇಳದ ದನಿಯಲ್ಲಿ, ‘ಮಕ್ಕಳ್ ಮನಿಕಂಡ್ರಾ?’ ಅಂತ ಕೇಳಿದ. ಮತ್ತೆ ನನ್ನ ಕಡೆ ನೋಡಲಿಲ್ಲ. 51.5 ಅಂತ ಇನ್ನೊಮ್ಮೆ ಹೇಳಬಹುದಿತ್ತು.

ಗುಲಾಬ್ ಜಾಮೂನಿನ ತಟ್ಟೆ ಹಿಡಿದುಕೊಂಡೇ ಇವರು ನನ್ನನ್ನು ದೋಣಿಯವರೆಗೆ ನಡೆಸಿದರು. ದೋಣಿ ಹೊರಟ ಮೇಲೆ ಅಳಿಯನಿಗೆ ಪೇಪರ್ ನ್ಯಾಪ್ಕಿನ್ನಿನಲ್ಲಿ ಬರೆದು ತೋರಿಸಿದೆ: ಒಂದು ಆಟಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ, ಆರು ಸಲ ಬಾಹರ್ ಬಂದರೆ ಏಳನೆಯ ಸಲ ಅಂದರ್ ಬರಬೇಕೆಂದೇನೂ ಇಲ್ಲ, ಹಾಗೆ ನಂಬಿ ದುಡ್ಡಿಡುವವರಿಗೆ ಬುದ್ಧಿಯಿಲ್ಲ.

‘ಆದರೆ ಅತ್ತೆ, ಅಂದರ್ ಬಂತಲ್ಲ?’

‘ಬಂದದ್ದು ಆಕಸ್ಮಿಕ.’

‘ನೀವು ಎಲ್ಲಿಗೆ ಇಟ್ಟದ್ದು?’

ದಡ ಬಂತು, ಇಳಿಯಿರಿ ಎಲ್ಲರೂ ಅಂದೆ. ಅರ್ಧ ನದಿ ಇನ್ನೂ ಬಾಕಿಯಿತ್ತು.