ಹಾಲುಹಲ್ಲು ಉದುರಿದ ಮೇಲೆ ಬಂದ ಕ್ಯಾಮೆರಾ

ಕರಿಯ ನಮ್ಮ ಮನೆಗೆ ಬಂದಾಗ ಎರಡು ತಿಂಗಳ ನಾಟಿ ಮರಿ, ಬಾಯಲ್ಲಿ 28 ಹಾಲುಹಲ್ಲು. ಇವನ ಫೋಟೊ ತೆಗೆಯಲು ಒಂದು ಒಳ್ಳೇ ಕ್ಯಾಮೆರಾ ತರುತ್ತೇನೆ ಎಂದು ನಾನು ಸಾರಿದ್ದು ಅದೇ ದಿನ. ಕ್ಯಾಮೆರಾ ಬಂದ ದಿನ ಅವನ ಬಾಯಲ್ಲಿ 42 ಗಟ್ಟಿ ಹಲ್ಲು. ನಡುವೆ ನಡೆದದ್ದಕ್ಕೆ ರಿಸರ್ಚ್ ಎಂದು ಹೆಸರು.

ಹೆಣ್ಣು ನೋಡಲು ಹೋದರೆ ಉಪ್ಪಿಟ್ಟು ಕೇಸರಿಬಾತಾದರೂ ಸಿಗುತ್ತದೆ. ಕ್ಯಾಮೆರಾ ನೋಡಲು ಹೊರಟವನಿಗೆ ಸಿಗುವುದು ಬರೀ ಸಲಹೆ. ವರ್ಷಕ್ಕೆರಡು ಸಲ ಕಬಿನಿಗೆ ಹೋಗಿ ಜಿಂಕೆಯ ಬೆನ್ನು ತೆಗೆದುಕೊಂಡು ಬರುವ ಸಹೋದ್ಯೋಗಿ, "ಫುಲ್ ಫ್ರೇಮ್ ಇಲ್ಲದೆ ಫೀಲ್ಡಿಗೆ ಇಳೀಲೇಬೇಡಿ" ಎಂದರು. ನನ್ನ ಫೀಲ್ಡು ಸೋಫಾದಿಂದ ಬಾಲ್ಕನಿಯವರೆಗೆ. ಭಾವಮೈದ, "ಡಿಎಸ್‌ಎಲ್‌ಆರ್ ಕಾಲ ಮುಗೀತು ಭಾವ, ಈಗೇನಿದ್ರೂ ಮಿರರ್‌ಲೆಸ್" ಎಂದ. ಮರುವಾರ ತನ್ನ ಹಳೇ ಡಿಎಸ್‌ಎಲ್‌ಆರನ್ನು ನನಗೆ 'ಮನೆಯವರ ರೇಟಿಗೆ' ಕೊಡಲು ಚೀಲದಲ್ಲಿ ಹಾಕಿಕೊಂಡು ಬಂದ.

ಕರಿಯನನ್ನು ಯಾರೂ ಕೇಳಲಿಲ್ಲ.

ಅಂಗಡಿಯ ಹುಡುಗನ ಬತ್ತಳಿಕೆಯಲ್ಲಿದ್ದ ಬ್ರಹ್ಮಾಸ್ತ್ರ 'ಅನಿಮಲ್ ಐ ಆಟೋಫೋಕಸ್'. 2019ರಲ್ಲಿ ಸೋನಿ ಇದನ್ನು ತನ್ನ ಮಿರರ್‌ಲೆಸ್‌ಗಳಿಗೆ ತಂದಿತು, ಮರುವರ್ಷ ಕ್ಯಾನನ್, ನಿಕಾನ್ ಕೂಡ ತಂದವು. ಉಪಯೋಗದ ವಿದ್ಯೆಯೇ, ಸುಳ್ಳು ಹೇಳಬಾರದು. ಓಡುವ ಪ್ರಾಣಿಯ ಕಣ್ಣು ಹುಡುಕಿ ಫೋಕಸನ್ನು ಅಲ್ಲೇ ಹಿಡಿದಿಡುತ್ತದೆ. ಆದರೆ ನಮ್ಮವನ ಮೈ ಕಪ್ಪು, ಕಣ್ಣು ಕಪ್ಪು, ಅವನು ಸದಾ ಕೂರುವ ಸೋಫಾದಡಿ ಇನ್ನೂ ಕಪ್ಪು. ಕೈಯಲ್ಲಿ ಬಿಸ್ಕತ್ತು ಹಿಡಿದ ನನಗೇ ಅವನ ಮುಖ ಯಾವ ಕಡೆಗಿದೆ ಎಂದು ತಿಳಿಯುವುದಿಲ್ಲ.

ಆಮೇಲೆ ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಅಂದರೆ 2.4 ಕೋಟಿ ಚುಕ್ಕಿ. "ಅಷ್ಟು ಚುಕ್ಕಿ ಯಾರಿಗ್ರೀ?" ಎಂದಳು ಹೆಂಡತಿ. ಇನ್‌ಸ್ಟಾಗ್ರಾಮಿಗೆ ಎಂದೆ. ಅಲ್ಲಿ ಹಾಕುವ 1080ಕ್ಕೆ 1350ರ ಚಿತ್ರದಲ್ಲಿ ಹಿಡಿಸುವುದು ಹದಿನೈದು ಲಕ್ಷಕ್ಕೂ ಕಡಿಮೆ. ಉಳಿದ ಎರಡೂಕಾಲು ಕೋಟಿ ಚುಕ್ಕಿಗಳಿಗೂ ಜಿಎಸ್‌ಟಿ ಕಟ್ಟಿದ್ದೇನೆ, ಹಾರ್ಡ್ ಡಿಸ್ಕಿನಲ್ಲಿ ಮಲಗಿವೆ.

ಮೊದಲ ಸಂಜೆ ಟ್ಯೂಬ್‌ಲೈಟಿನಡಿ ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸಿನಲ್ಲಿ ಇನ್ನೂರು ಚಿಲ್ಲರೆ ಕ್ಲಿಕ್ಕು. ನೂರರಲ್ಲಿ ಕರಿಯ ಹೊಗೆ. ಐವತ್ತರಲ್ಲಿ ಬಾಲ. ಒಂದೇ ಒಂದರಲ್ಲಿ ಫೋಕಸ್ ಖಡಕ್ಕಾಗಿ ಕೂತಿತ್ತು, ಕಾಲೊರಸಿನ ಮೇಲೆ. ಫ್ಲ್ಯಾಶ್ ಹಾಕಿದೆ; ನಾಯಿಯ ಕಣ್ಣಿನ ಹಿಂದಿರುವ ಕನ್ನಡಿಯಂಥ ಪದರ ಬೆಳಕನ್ನು ವಾಪಸು ಎಸೆದು, ಕರಿಯ ಕೊಳ್ಳಿದೆವ್ವವಾದ. ಬೆಳಿಗ್ಗೆ ಬಿಸಿಲಿನಲ್ಲಿ ತೆಗೆದರೆ ವಿಭೂತಿ ಬಳಿದುಕೊಂಡಂತೆ ಬಂದ. ಕ್ಯಾಮೆರಾದ ಮೀಟರಿಗೆ ಲೋಕವೆಲ್ಲ ಬೂದಿ ಬಣ್ಣದ್ದೇ ಇರಬೇಕೆಂಬ ಹಟ. ಕರಿ ನಾಯಿ ಕಂಡರೆ ಬೆಳಕು ಸುರಿಯುತ್ತದೆ, ಪಕ್ಕದ ಮನೆಯ ಬಿಳಿ ಬೆಕ್ಕು ಕಂಡರೆ ಇದ್ದ ಬೆಳಕನ್ನೂ ಕಿತ್ತುಕೊಳ್ಳುತ್ತದೆ. ಕರಿಗೆ ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಇಳಿಸಬೇಕು, ಬಿಳಿಗೆ ಒಂದು ಏರಿಸಬೇಕು, ಇಷ್ಟೇ. ಇಷ್ಟನ್ನು ಆರು ತಿಂಗಳಲ್ಲಿ ಒಬ್ಬ ಸಲಹೆಗಾರನೂ ಬಾಯಿಬಿಡಲಿಲ್ಲ.

1870ರ ದಶಕದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹ್ಯಾರಿ ಪಾಯಿಂಟರ್ ಎಂಬಾತ ಬೆಕ್ಕುಗಳನ್ನು ಟೀ ಕುಡಿಯುವಂತೆ ಕೂರಿಸಿ ಫೋಟೊ ತೆಗೆದು ಮಾರುತ್ತಿದ್ದ. ಅವನಿಗೆ ಆಟೋಫೋಕಸ್ ಇರಲಿಲ್ಲ. ನನ್ನ ಭಾವಮೈದನೂ ಇರಲಿಲ್ಲ.

ಕೊನೆಗೆ ನಮ್ಮ ಬೀದಿಯ, ಮದುವೆ ಫೋಟೊ ತೆಗೆಯುವ ಹುಡುಗ ಬಂದ. ನನ್ನ ಲೆನ್ಸ್ ಕಳಚಿ ತನ್ನ ಗೀರುಬಿದ್ದ 50 ಎಂಎಂ ಎಫ್ 1.8 ಸಿಕ್ಕಿಸಿದ. ಪೂರ್ತಿ ಜೂಮ್ ಮಾಡಿದ ನನ್ನ ಲೆನ್ಸ್ ಎಫ್ 5.6ರಲ್ಲಿ ಒಳಬಿಡುವುದಕ್ಕಿಂತ ಒಂಬತ್ತು ಪಟ್ಟಿಗೂ ಮಿಕ್ಕ ಬೆಳಕು ಅದರಲ್ಲಿ ಬರುತ್ತದೆ. ಕರಿಯನನ್ನು ಕಿಟಕಿಯ ಹತ್ತಿರ ಕರೆದು, ಷಟರನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಟ್ಟು, ಒರೆಸದ ನೆಲದ ಮೇಲೆ ಬೋರಲು ಮಲಗಿದ. ಮೂಗಿಗೆ ಮೂಗು. "ನೀವು ಇವನನ್ನ ಮೇಲಿಂದ ನೋಡ್ತೀರ ಅಣ್ಣ, ಪೊಲೀಸ್ ಥರ." ಮೂರು ಕ್ಲಿಕ್ಕು, ಎರಡು ಫೋಟೊ. ಅಂಗಿಯ ಧೂಳು ಕೊಡವಿಕೊಂಡು ಕಾಫಿಗೂ ಕಾಯದೆ ಹೋದ.

ಆದ್ದರಿಂದ, ಮೊದಲ ಕ್ಯಾಮೆರಾ ಯಾವುದು ತಗೊಳ್ಳಲಿ ಎಂದು ನನ್ನನ್ನು ಕೇಳುವವರಿಗೆ: ಯಾರೋ ಬಳಸಿ ಬಿಟ್ಟ ಬಾಡಿ, ಒಂದು 50 ಎಂಎಂ, ಮಾಸಿದರೂ ಚಿಂತೆಯಿಲ್ಲದ ಅಂಗಿ. ಮಿಕ್ಕ ದುಡ್ಡಿನಲ್ಲಿ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ. ಮರಿ ಆಗಲೇ ಮನೆಯಲ್ಲಿದ್ದರೆ ಇವತ್ತಿಗೆ ಫೋನೇ ಸಾಕು. ಕರಿಯನ ಮರಿಗಾಲದ ಫೋಟೊಗಳೆಲ್ಲ ಇರುವುದು ಹೆಂಡತಿಯ ಫೋನಿನಲ್ಲಿ. ನನ್ನ ಲೆನ್ಸಿನ ಮುಚ್ಚಳದ ಮೇಲಿರುವುದು ಆ 42 ಹಲ್ಲುಗಳಲ್ಲಿ ನಾಲ್ಕರ ಗುರುತು.