ಉತ್ತರದೇಶದ ನೇತಿವಾದಿಗಳು

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸ್ಕ್ಯಾಂಡಿನೇವಿಯನ್ ಭಾಷಾಸಾಹಿತ್ಯಗಳ ಪ್ರಾಧ್ಯಾಪಕ ಪೀಠವೊಂದು 1875ರಷ್ಟು ಹಿಂದೆಯೇ ಏರ್ಪಟ್ಟಿತು. ಅದನ್ನು ಮೊದಲು ಅಲಂಕರಿಸಿದ ರಾಸ್ಮಸ್ ಆಂಡರ್ಸನ್ ಎಂಬ ಮಹನೀಯರು ಅದಕ್ಕೆ ಒಂದು ವರ್ಷ ಮುಂಚೆ ಪ್ರಕಟಿಸಿದ್ದ ಪುಸ್ತಕದ ಹೆಸರೇ, ಅಮೆರಿಕವನ್ನು ಕಂಡುಹಿಡಿದವನು ಕೊಲಂಬಸ್ ಅಲ್ಲ ಎಂದು. 1960ರಲ್ಲಿ ನ್ಯೂಫೌಂಡ್‌ಲೆಂಡಿನ ಕಡಲಂಚಿನಲ್ಲಿ ಇಂಗ್‌ಸ್ಟಾಡ್ ದಂಪತಿಗಳಿಗೆ ಕೊಲಂಬಸನಿಗೂ ಮುಂಚೆ ಬಂದಿಳಿದಿದ್ದ ಸ್ಕ್ಯಾಂಡಿನೇವಿಯದ ನಾರ್ಸ್ ಜನರ ಮನೆಗಳ ಅಡಿಪಾಯ ದೊರೆತು ಆ ‘ಅಲ್ಲ’ವು ಸಾರ್ಥಕವಾಯಿತೆನ್ನಿ, ಆದರೆ ಮೂಲಪುರುಷನೇ ನಿರಾಕರಣೆಯಿಂದ ಶಾಸ್ತ್ರಕ್ಕೆ ಶ್ರೀಕಾರ ಹಾಕಿದ ಮೇಲೆ ಶಿಷ್ಯಪರಂಪರೆ ಬೇರೆ ದಾರಿ ಹಿಡಿದೀತೆ? ನಮ್ಮ ವೇದಾಂತಿಗಳು ಬ್ರಹ್ಮವನ್ನು ಬೆರಳಿಟ್ಟು ತೋರಲಾರದೆ, ಇದಲ್ಲ, ಇದೂ ಅಲ್ಲ ಎಂದು ಒಂದೊಂದನ್ನೇ ತಳ್ಳುತ್ತ ಹೋದಂತೆ, ಈ ವಿಭಾಗದ ಪಂಡಿತರೂ ತಮ್ಮ ವಿದ್ಯೆಯನ್ನು ಲೋಕಕ್ಕೆ ನಿಷೇಧಮುಖದಿಂದಲೇ ಬೋಧಿಸುತ್ತ ಬಂದಿದ್ದಾರೆ.

ಔತಣಕ್ಕೆ ಹೋಗಲಿ, ಕ್ಷೌರದಂಗಡಿಗೆ ಹೋಗಲಿ, ತಾವು ಕಲಿಸುವುದೇನೆಂದು ಪಂಡಿತರು ಬಾಯಿಬಿಟ್ಟ ಮರುಕ್ಷಣವೇ ಎದುರಿನವರ ಎರಡು ತೋರುಬೆರಳುಗಳು ಅವರವರ ತಲೆಯ ಇಕ್ಕೆಲಗಳಲ್ಲಿ ಕೊಂಬಾಗಿ ಮೂಡುತ್ತವೆ. ವೈಕಿಂಗರು ಕೊಂಬಿನ ಶಿರಸ್ತ್ರಾಣ ಧರಿಸಿ ಯುದ್ಧಕ್ಕೆ ಹೋದುದಕ್ಕೆ ಪುರಾವೆಯಿಲ್ಲವೆಂದೂ, ಆ ಭೂಷಣವು ಲೋಕಪ್ರಸಿದ್ಧವಾಗಲು 1876ರಲ್ಲಿ ಬೈರಾಯ್ಟಿನಲ್ಲಿ ನಡೆದ ವಾಗ್ನರನ ಸಂಗೀತನಾಟಕಕ್ಕೆ ಡೋಪ್ಲರ್ ಎಂಬ ಕಲಾವಿದನು ರಚಿಸಿಕೊಟ್ಟ ವೇಷಗಳೇ ಮುಖ್ಯ ಕಾರಣವೆಂದೂ ಪಂಡಿತರು ವಿನಯದಿಂದ ಅರಿಕೆ ಮಾಡುವರು. ಕೇಳಿದವರು ಅಷ್ಟೇ ವಿನಯದಿಂದ ತಲೆದೂಗಿ, ಅವರ ಮುಂದಿನ ಹುಟ್ಟುಹಬ್ಬಕ್ಕೆ ಕೊಂಬಿನ ಟೋಪಿಯೊಂದನ್ನು ತಪ್ಪದೆ ಕಳುಹುವರು. ನೆರೆಯ ಮಿನೆಸೋಟ ರಾಜ್ಯದ ವೈಕಿಂಗ್ಸ್ ಎಂಬ ಫುಟ್‌ಬಾಲ್ ತಂಡವಂತೂ ಶಿರಸ್ತ್ರಾಣದ ಎರಡು ಪಕ್ಕಕ್ಕೂ ಕೊಂಬು ಬರೆಸಿಕೊಂಡು ಮೈದಾನಕ್ಕಿಳಿಯುತ್ತದೆ. ಪಂಡಿತರು ಎಷ್ಟು ಶತಮಾನ ಉಪನ್ಯಾಸ ಮಾಡಿದರೆ ಇದಕ್ಕೆ ಸಮವಾದೀತು?

ಅದೇ ಮಿನೆಸೋಟದಲ್ಲಿ 1898ರಲ್ಲಿ ಓಲೋಫ್ ಓಮನ್ ಎಂಬ ರೈತನ ಹೊಲದಲ್ಲಿ ಸ್ಕ್ಯಾಂಡಿನೇವಿಯದ ಹಳೆಯ ರೂನ್ ಲಿಪಿಯ ಶಿಲೆಯೊಂದು ಸಿಕ್ಕಿತು. ಅದರ ಮೇಲೆ 1362ನೆಯ ಇಸವಿ. ಊರಿನ ವೃದ್ಧರು ಅದನ್ನು ನಂಬುತ್ತಾರೆ, ಭಾಷಾಶಾಸ್ತ್ರಜ್ಞರು ನಂಬುವುದಿಲ್ಲ. ಕೊಲಂಬಸನ ಕೀರ್ತಿಯನ್ನು ಕಿತ್ತುಕೊಂಡ ಆಂಡರ್ಸನ್ನರೇ ಈ ಶಿಲೆಯನ್ನೂ ಕೃತ್ರಿಮವೆಂದು ಜರೆದರೆಂದ ಮೇಲೆ, ಅವರ ನೇತಿನಿಷ್ಠೆಯಲ್ಲಿ ಪಕ್ಷಪಾತವಿರಲಿಲ್ಲವೆಂದು ಒಪ್ಪಲೇಬೇಕು.

ಹೊರಗಿನವರಿಗೆ ಈ ವಿಭಾಗವು ಒಂದೇ ಕುಟುಂಬವಾಗಿ ತೋರಿದರೂ ಒಳಗಿನ ವ್ಯವಹಾರ ಅವಿಭಕ್ತ ಕುಟುಂಬದ್ದು. ಸ್ವೀಡಿಷ್, ನಾರ್ವೇಜಿಯನ್, ಡೇನಿಷ್ ಭಾಷಿಕರು ತಂತಮ್ಮ ನುಡಿಯಲ್ಲಿಯೇ ಆಡಿದರೂ ಒಬ್ಬರನ್ನೊಬ್ಬರು ಅರಿಯಬಲ್ಲರೆಂಬುದು ಪಠ್ಯಪುಸ್ತಕದ ಮೊದಲ ಪುಟದಲ್ಲಿಯೇ ಪ್ರತಿಷ್ಠಿತವಾದ ಸಿದ್ಧಾಂತ. ವಿಭಾಗದ ಸಭೆಯೂ ಆ ಸಿದ್ಧಾಂತದಿಂದಲೇ ಆರಂಭವಾಗುತ್ತದೆ. ಡೆನ್ಮಾರ್ಕಿನವರು ಮಾತಿಗಿಳಿದ ಮೇಲೆ ಉಳಿದವರು ಮುಖಮುಖ ನೋಡಿಕೊಂಡು, ನಿರ್ಣಯಗಳನ್ನೆಲ್ಲ ಇಂಗ್ಲಿಷಿನಲ್ಲಿ ಅಂಗೀಕರಿಸುತ್ತಾರೆ. ನಾರ್ವೆಯವರ ಭಾಷೆಗೆ ಬೂಕ್‌ಮೋಲ್, ನ್ಯೂನೋರ್ಸ್ಕ್ ಎಂಬ ಎರಡು ಬರೆಹರೂಪಗಳಿರುವುದರಿಂದ ಜಗಳಕ್ಕೆ ಅವರಿಗೆ ಎರಡನೆಯ ದೇಶವೇ ಬೇಕಾಗಿಲ್ಲ. ಫಿನ್ನಿಷ್ ಬೋಧಕರು ಮೂಲೆಯಲ್ಲಿ ಮೌನವಾಗಿ ಕುಳಿತಿರುತ್ತಾರೆ. ಅವರ ಭಾಷೆಯು ಈ ವಂಶದ್ದೇ ಅಲ್ಲ, ಹಂಗೇರಿಯನ್ನಿನ ದೂರದ ದಾಯಾದಿ. ಐಸ್‌ಲೆಂಡಿನವರ ಕಷ್ಟವೇ ಬೇರೆ. ಆ ದೇಶದಲ್ಲಿ ಪ್ರಧಾನಿಯನ್ನು ಕೂಡ ಜನ ಇಟ್ಟ ಹೆಸರಿನಿಂದಲೇ ಕರೆಯುತ್ತಾರೆ, ಬಹುಮಂದಿಗೆ ಕುಲನಾಮವೇ ಇರುವುದಿಲ್ಲ. ಅರ್ಜಿಯ ಆ ಅಂಕಣವನ್ನು ಖಾಲಿ ಬಿಟ್ಟರೆ ಯಾವ ಗುಮಾಸ್ತನು ತಾನೆ ಸಂಬಳದ ಪಟ್ಟಿಗೆ ಸೇರಿಸಿಯಾನು?

ವಿದ್ಯಾರ್ಥಿಗಳು ಬರುವ ಕಾರಣಗಳೂ ವಿಚಿತ್ರ. ಒಬ್ಬನಿಗೆ ಅಜ್ಜಿಯ ಊರಿನ ಮೋಹ, ಇನ್ನೊಬ್ಬನಿಗೆ ಕರ್ಕಶ ಸಂಗೀತದ ಹುಚ್ಚು, ಮತ್ತೊಬ್ಬನಿಗೆ ಸ್ವೀಡನ್ನಿನ ಕನ್ಯೆಯೊಬ್ಬಳು. ಆದರೆ ಕೊಠಡಿ ತುಂಬುವುದು ಆಂಡರ್ಸನ್‌ನ ಕಥೆಗಳ ತರಗತಿಗೆ ಮಾತ್ರ. ಇವನು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್. ಹಿಂದೆ ಹೇಳಿದ ಪ್ರಾಧ್ಯಾಪಕರಲ್ಲ. ಮತ್ಸ್ಯಕನ್ಯೆಗೆ ರಾಜಕುಮಾರನೊಡನೆ ವಿವಾಹವಾಗುವುದೆಂದು ಚಲನಚಿತ್ರ ನೋಡಿ ಬಂದವರಿಗೆ, ಇಲ್ಲ, ಅವನು ಬೇರೊಬ್ಬಳನ್ನು ವರಿಸುತ್ತಾನೆ, ಇವಳು ಕಡಲ ನೊರೆಯಾಗುತ್ತಾಳೆ ಎಂದು ಪಂಡಿತರು ತಿಳಿಸುವಾಗ ಅವರ ಮುಖದಲ್ಲಿ ಕಾಣುವ ಸಂತೋಷವನ್ನು ನಾನು ಕ್ರೌರ್ಯವೆನ್ನಲಾರೆ, ವೃತ್ತಿಸುಖವೆನ್ನುತ್ತೇನೆ.

ಆ ತುಂಬಿದ ಕೊಠಡಿಯ ಪುಣ್ಯದಿಂದ ಬದುಕಿರುವವರು ಪ್ರಾಚೀನ ನಾರ್ಸ್ ಭಾಷೆಯ ಪ್ರಾಧ್ಯಾಪಕರು. ಅವರ ತರಗತಿಯಲ್ಲಿರುವ ಶಿಷ್ಯರನ್ನು ಕೂರಿಸಲು ಒಂದು ಬೆಂಚು ಸಾಕು. ಅವರ ಆರಾಧ್ಯದೈವವು, 13ನೆಯ ಶತಮಾನದ ಎಡ್ಡಾ ಕಾವ್ಯಗಳ ಹಸ್ತಪ್ರತಿ. ಶತಮಾನಗಳ ಕಾಲ ಕೋಪನ್‌ಹೇಗನ್ನಿನಲ್ಲಿದ್ದು, 1971ರಲ್ಲಿ ಯುದ್ಧನೌಕೆಯನ್ನೇರಿ ಐಸ್‌ಲೆಂಡಿಗೆ ಮರಳಿದಾಗ ಬಂದರಿನಲ್ಲಿ ಸಾವಿರಾರು ಜನ ನೆರೆದು ಅದನ್ನು ಎದುರುಗೊಂಡರು. ಅದರಲ್ಲಿ ಈಗ 45 ಎಲೆಗಳಿವೆ, 8 ಎಲೆಗಳು ಕಳೆದುಹೋಗಿವೆ. ಇರುವ 45ನ್ನು ಪ್ರಾಧ್ಯಾಪಕರು ಒಂದು ವರ್ಷದಲ್ಲಿ ಪಾಠ ಹೇಳಿ ಮುಗಿಸಬಲ್ಲರು; ಇಲ್ಲದ 8ರಲ್ಲಿ ಸಿಗುರ್ಡನೆಂಬ ವೀರನ ಕಥೆ ಹೇಗೆ ಸಾಗಿತ್ತೆಂಬುದಕ್ಕೆ ಅವರಿಗೆ ಜೀವಮಾನ ಸಾಲದು. ವಾಚಕರಲ್ಲಿ ಯಾರಿಗಾದರೂ ಇಂಥವರ ಭೇಟಿಯಾದರೆ ದಯವಿಟ್ಟು ಆ 8 ಎಲೆಗಳ ವಿಷಯ ಕೇಳಿ. ಅಂಥ ಪ್ರಶ್ನೆಗಾಗಿ ಅವರು ಬಹುಕಾಲದಿಂದ ಕಾದಿದ್ದಾರೆ. ಆದರೆ ಕೇಳುವ ಮುನ್ನ ಊಟ ಮುಗಿಸಿಕೊಂಡಿರುವುದು ಕ್ಷೇಮ.