ಪಂಚತಾಲ್ಲೂಕು ಹಿಮವಾಹನ ಸಂಗ್ರಹ ಮೀಮಾಂಸೆ

ಗಾಲಿಯ ಬದಲು ಚೈನು ಅಥವಾ ರಬ್ಬರ್ ಪಟ್ಟಿಯ ಮೇಲೆ ಉರುಳುತ್ತ ಹಿಮದಲ್ಲಿ ಹೂತುಹೋಗದೆ ಸಾಗುವ ಗಾಡಿಗೆ ಹಿಮವಾಹನವೆಂದು ಹೆಸರು. ಅಗಲವಾದ ಪಟ್ಟಿ ಭಾರವನ್ನು ಹಂಚುವುದರಿಂದ ನೆಲದ ಮೇಲಿನ ಒತ್ತಡ ತಗ್ಗುತ್ತದೆ. ಹಸಿ ಎರೆಹೊಲದಲ್ಲಿ ಅಚ್ಚಿನವರೆಗೆ ಹೂತ ಬಂಡಿಗೆ ಹೆಗಲು ಕೊಟ್ಟ ಹಡಗಲಿಯ ರೈತನಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹಿಮವೇ ಬೀಳುವುದಿಲ್ಲವೆಂಬ ಆಕ್ಷೇಪ ಉಂಟು. ಮಳೆಯೂ ನೆಟ್ಟಗೆ ಬೀಳುವುದಿಲ್ಲ; ಹಾಗೆಂದು ಯಾರೂ ಕೊಡೆ ಮಾರುವುದನ್ನು ಬಿಟ್ಟಿಲ್ಲ.

ಸಂಗ್ರಾಹಕನು ಮೊದಲು ವಾಹನದ ಕುಲಗೋತ್ರ ತಿಳಿದಿರಬೇಕು. ಕೆನಡಾದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ 1937ರಲ್ಲಿ ತನ್ನ ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಪಡೆದು, ಏಳು ಜನ ಕೂರುವ ಬಿ-7 ಎಂಬ ಗಾಡಿಯನ್ನು ಮಾರಾಟಕ್ಕೆ ತಂದನು. ಮುಂದೆ ಬಂದ ಬಿ-12ರಲ್ಲಿ ಹನ್ನೆರಡು ಜನಕ್ಕೆ ಜಾಗವಿತ್ತು. ಕೂಡ್ಲಿಗಿ–ಕೊಟ್ಟೂರು ಟಂಟಂ ಲೆಕ್ಕದಲ್ಲಿ ಇದು ಇಪ್ಪತ್ತೈದು ಜನದ ಗಾಡಿ, ಮೇಲಿನ ಮೂಟೆಗಳು ಬೇರೆ. ಅಮೆರಿಕದ ಟಕ್ಕರ್ ಸ್ನೋ-ಕ್ಯಾಟ್‌ಗೆ ನಾಲ್ಕು ಪಟ್ಟಿ. ವಿವಿಯನ್ ಫುಕ್ಸ್ ತಂಡ ಅದರಲ್ಲಿ ಅಂಟಾರ್ಕ್ಟಿಕಾವನ್ನು ಅಡ್ಡಹಾಯ್ದು 1958ರ ಮಾರ್ಚ್ 2ರಂದು ಆಚೆ ದಡ ಮುಟ್ಟಿತು.

ಇದಕ್ಕೂ ಮುಂಚೆ, ಅದೇ ವರ್ಷದ ಜನವರಿ 4ರಂದು, ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದು ಫರ್ಗ್ಯುಸನ್ ಟಿಇ-20 ಟ್ರ್ಯಾಕ್ಟರುಗಳಲ್ಲಿ. ಹೊಲ ಉಳುವ ಗಾಡಿಗೇ ಪಟ್ಟಿ ಸುತ್ತಿದ್ದರು, ಅಷ್ಟೇ. ಪ್ರಸ್ತುತ ಶಾಸ್ತ್ರದ ಜೀವಾಳ ಇಲ್ಲಿದೆ. ಆ ವಂಶವೇ ಮ್ಯಾಸಿ ಫರ್ಗ್ಯುಸನ್ 35 ಆಗಿ ಬೆಳೆದು, 1960ರಲ್ಲಿ ಮದರಾಸಿನಲ್ಲಿ ಹುಟ್ಟಿದ ಟಾಫೆ ಕಂಪನಿಯ ಮೂಲಕ ನಮ್ಮ ಕಡೆಗೆ ಇಳಿಯಿತು. ಹಗರಿಬೊಮ್ಮನಹಳ್ಳಿಯಲ್ಲಿ ಮೆಕ್ಕೆಜೋಳದ ಟ್ರೇಲರ್ ಕಟ್ಟಿಕೊಂಡು ನಿಂತ ಕೆಂಪು ಮ್ಯಾಸಿ ದಕ್ಷಿಣ ಧ್ರುವ ಕಂಡವರ ಮೊಮ್ಮಗ. ಅದರ ಬಾನೆಟ್ಟಿನ ಮೇಲೆ ಶ್ರೀ ಕೊಟ್ಟೂರೇಶ್ವರ ಪ್ರಸನ್ನ ಎಂದು ಬರೆದಿರುವುದನ್ನು ಕಂಡು ಸಂಶೋಧಕರು ಮೋಸಹೋಗಬಾರದು.

ಕ್ಷೇತ್ರಕಾರ್ಯ ಕಷ್ಟದ್ದು. ಚೈನಿನ ಗಾಡಿ ಎಂದು ವಿಚಾರಿಸಿದರೆ ಜನ ಭತ್ತ ಕೊಯ್ಯುವ ಚೈನ್ ಮಿಷನ್ನನ್ನೋ ಕೆರೆ ಹೂಳೆತ್ತುವ ಹಿಟಾಚಿಯನ್ನೋ ತೋರಿಸುತ್ತಾರೆ. ಹಿಮದ ಗಾಡಿ ಎಂದರೆ ಸಿಗುವ ಉತ್ತರ ಒಂದೇ: "ಐಸಿನ ಗಾಡಿನಾ? ಈಗ ಸಾಲಿ ಕಡಿ ಹೋತು ನೋಡ್ರಿ." ಮೂರು ಗಾಲಿ, ಒಂದು ಗಂಟೆ, ಕೆಂಪು ಹಳದಿ ಕಡ್ಡಿ ಐಸು ಇರುವ ಈ ಪ್ರಭೇದವನ್ನು ಪಟ್ಟಿಯಿಲ್ಲದ ಕಾರಣಕ್ಕೆ ಶಾಸ್ತ್ರ ಹೊರಗಿಟ್ಟಿದೆ. ಮಧ್ಯಾಹ್ನದೊಳಗೆ ಸಾಕ್ಷ್ಯ ಕರಗಿಹೋಗುವುದು ಎರಡನೆಯ ಕಾರಣ. ಹಳೆಯ ದಾಖಲೆಗಳೂ ನೆರವಿಗೆ ಬರುವುದಿಲ್ಲ: ಹರಪನಹಳ್ಳಿ ಸೀಮೆಯ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳಲ್ಲಿ ದಾನದತ್ತಿಗಳ ಮಾತಿದೆಯೇ ಹೊರತು ಸ್ನೋ-ಕ್ಯಾಟಿನ ಸುದ್ದಿಯಿಲ್ಲ.

ಈ ಇಲ್ಲದಿರುವಿಕೆಯನ್ನು ಸೋಲೆಂದು ತಿಳಿಯುವುದು ಅವಿವೇಕ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪಿದ್ದಾರೆ: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯ ಅಭಾವ ಸಿದ್ಧ. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಬೊಂಬಾರ್ಡಿಯೇ ಕಾಣುವುದಿಲ್ಲ. ಆದ್ದರಿಂದ ಅಲ್ಲಿ ಬೊಂಬಾರ್ಡಿಯೇ ಗಾಡಿಯ ಅಭಾವವಿದೆ. ಸಂಗ್ರಾಹಕರ ಲೋಕದಲ್ಲಿ ಸಂಖ್ಯೆ ಇಳಿದಷ್ಟೂ ಬೆಲೆ ಏರುತ್ತದೆ. ಸಂಖ್ಯೆ ಸೊನ್ನೆಗೆ ಇಳಿದ ಮೇಲೆ ಬೆಲೆ ಕಟ್ಟುವವರಾರು? ಇಷ್ಟು ಅಮೂಲ್ಯ ಸಂಗ್ರಹ ಐದೂ ತಾಲ್ಲೂಕುಗಳಲ್ಲಿ ಕಾವಲಿಲ್ಲದೆ ಬಿದ್ದಿದೆ. ಗುಜರಿ ಅಂಗಡಿಯವರು ಮಾತ್ರ ಈ ವಾದವನ್ನು ಒಪ್ಪದೆ ಕಿಲೋ ಲೆಕ್ಕಕ್ಕೇ ಅಂಟಿಕೊಂಡಿದ್ದಾರೆ.

ದಾಖಲೆಯ ತೊಡಕು ಹೆಚ್ಚಾಗಿ ಹರಪನಹಳ್ಳಿಯದು. ಅಲ್ಲಿ 1950ರಿಂದ ಕದಲದೆ ನಿಂತ ಯಾವುದೇ ಗಾಡಿ 1953ರಲ್ಲಿ ಮದರಾಸು ರಾಜ್ಯ ಬಿಟ್ಟು ಮೈಸೂರಿಗೆ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಇಂಜಿನ್ ಇಲ್ಲದ ಗಾಡಿಯ ಮಟ್ಟಿಗೆ ಇದು ಗಣನೀಯ ಓಡಾಟ.

ಸಂರಕ್ಷಣೆಗೆ ಈ ಸೀಮೆ ಹೇಳಿಮಾಡಿಸಿದಂತಿದೆ. ಒಣ ಹವೆಯಲ್ಲಿ ಕಬ್ಬಿಣಕ್ಕೆ ತುಕ್ಕು ತಡವಾಗಿ ಹಿಡಿಯುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ರಬ್ಬರ್ ಪಟ್ಟಿ ಬಿರಿಯುವುದರಿಂದ ಹುಣಸೆಮರದ ನೆರಳು ಅಗತ್ಯ. ಆ ನೆರಳಿನಲ್ಲಿ ಮೊದಲೇ ನಿಂತಿರುವ ಗಾಲಿ ಕಳಚಿದ ಬಂಡಿಯನ್ನೂ ಅದರ ಮೇಲೆ ಇಸ್ಪೀಟಾಡುವವರನ್ನೂ ತೆರವುಗೊಳಿಸುವ ವಿಷಯ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಸೇರಿದ್ದು.